ಫಸಲಿ ಇಸವಿ, ನನ್ನ ಕೈಬರಹ

ನನಗೆ ಉರ್ದು ಅಂಕಿ ಓದಲು ಬರುತ್ತಿತ್ತು. ಅಪ್ಪ ಆಳಂದದ ತಹಶೀಲು ಕಚೇರಿಯಲ್ಲಿ ನಿಜಾಮರ ಕಾಲದ ಕಾಗದಗಳ ನಡುವೆಯೇ ಆಯುಷ್ಯ ಕಳೆದವರು. ಅಷ್ಟನ್ನು ನನಗೂ ಕಲಿಸಿದ್ದರು. ಎಪ್ಪತ್ತರ ದಶಕದಲ್ಲಿ ಅಫಜಲಪುರದ ಹತ್ತಿರ ಒಂದು ನೂಲಿನ ಗಿರಣಿಯ ಸಿಬ್ಬಂದಿ ಶಾಖೆಗೆ ಗುಮಾಸ್ತಳಾಗಿ ಸೇರಿದಾಗ, ಈ ಒಂದು ವಿದ್ಯೆಯ ಜಂಬದಿಂದ ನನ್ನ ತಲೆ ತಿರುಗಿಹೋಗಿತ್ತು. ಕೆಲಸಗಾರರ ಸೇವಾ ಪುಸ್ತಕ ಬರೆಯುವುದು ನನ್ನ ಪಾಲಿನ ಕೆಲಸ. ಹಳೆಯ ಶಾಲೆಗಳಿಂದ ಉರ್ದುವಿನಲ್ಲಿ ಬಂದ ಜನ್ಮ ದಾಖಲೆಗಳನ್ನು ಯಾರನ್ನೂ ಕೇಳದೆ ಓದಿ, ಇಂಗ್ಲಿಷ್ ಇಸವಿಗೆ ತಿರುಗಿಸಿ ಬರೆದುಬಿಡುತ್ತಿದ್ದೆ. ಯಾರಾದರೂ ‘ಸರಿಯಾಗಿ ನೋಡಿದಿರಾ’ ಎಂದರೆ ಮೂಗಿನ ತುದಿಯಲ್ಲೇ ಸಿಟ್ಟು.

ನಮ್ಮ ಶಾಖೆಯ ಮುಖ್ಯಸ್ಥರಾದ ಸಾಹೇಬರು ಜೇವರ್ಗಿ ಕಡೆಯವರು, ಮೆಲುಮಾತಿನವರು. ಕೆಲಸಗಾರ ಯಾವ ಕಾಗದಕ್ಕೆ ಸಹಿ ಹಾಕಲು ಬಂದರೂ ಮೊದಲು ಕುರ್ಚಿ ಕೊಟ್ಟು ಕೂಡಿಸಿ, ಮನೆಯ ಸುದ್ದಿ ಕೇಳುತ್ತಿದ್ದರು. ಆ ಗಿರಣಿಯಲ್ಲಿ ಬೇರೆ ಯಾರೂ ಕೆಲಸಗಾರರಿಗೆ ಕುರ್ಚಿ ಕೊಟ್ಟದ್ದನ್ನು ನಾನು ಕಾಣೆ. ಸುಮ್ಮನೆ ಹೊತ್ತು ಹಾಳು ಎಂದು ಒಳಗೊಳಗೇ ಗೊಣಗುತ್ತಿದ್ದೆ.

ಎಂಬತ್ತರ ದಶಕದ ಮೊದಲಲ್ಲಿ ಹಿರೋಳ್ಳಿಯ ಒಬ್ಬ ಕೆಲಸಗಾರನ ನಿವೃತ್ತಿ ಆದೇಶ ಹೊರಟಿತು. ಯಂತ್ರಗಳಿಗೆ ಎಣ್ಣೆ ಹಾಕುವವನು. ಸಹಿಗೆ ಬಂದವನನ್ನು ಸಾಹೇಬರು ಎಂದಿನಂತೆ ಕೂಡಿಸಿದರು.

“ಮನ್ಯಾಗ ಎಲ್ಲಾ ಆರಾಮೇನ್ರಿ?”

“ಆರಾಮ್ರಿ. ಸಣ್ಣಕಿ ಇನ್ನಾ ಸಾಲಿಗಿ ಹೋಗ್ತಾಳ್ರಿ. ನಂಗ ಇಷ್ಟು ವಯಸ್ಸಾಗೇದ ಅಂತ ಗೊತ್ತೇ ಇದ್ದಿಲ್ಲ. ರಜಾಕಾರರ ಹಾವಳ್ಯಾಗ ನಂಗಿನ್ನಾ ಮೀಸಿ ಬಂದಿದ್ದಿಲ್ಲ, ನಮ್ಮವ್ವ ನೆಲದಾಗಿನ ಜ್ವಾಳದ ಹಗೇದಾಗ ಮುಚ್ಚಿಟ್ಟಿದ್ಳು. ಆದ್ರ ಕಾಗದದಾಗ ಹಂಗ ಅದ ಅಂದ್ರ ಖರೇ ಇರ್ಬೇಕ್ರಿ. ಬಾಯಾರು ಓದಿದವರು.”

ಬಾಯಾರು ಅಂದರೆ ನಾನು. ನಾನು ಬರೆದ ಲೆಕ್ಕದಲ್ಲಿ ನಲವತ್ತೆಂಟರ ಆ ಹಾವಳಿಯ ಕಾಲಕ್ಕೆ ಅವನಿಗೆ ಇಪ್ಪತ್ತು ದಾಟಿರಬೇಕಿತ್ತು. ಸಾಹೇಬರು ಪೆನ್ನು ಕೆಳಗಿಟ್ಟು, ಶಾಲೆಯ ಮೂಲ ಕಾಗದ ತರಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಬಾಯಾರ, ಖುರ್ದಾದ್ ಅನ್ನೋದು ಹಿಜರಿ ತಿಂಗಳೇನ್ರಿ?”

ಅಲ್ಲ. ಮೊಹರಂ, ರಂಜಾನ್ ಹಿಜರಿಯವು. ಖುರ್ದಾದ್ ಫಸಲಿಯದು, ನಿಜಾಮ ಸರಕಾರದ ಕಂದಾಯವೂ ಶಾಲೆಯೂ ನಡೆಯುತ್ತಿದ್ದದ್ದು ಆ ಫಸಲಿ ವರ್ಷದಲ್ಲೇ. ಉರ್ದು ಅಂಕಿ ಕಂಡೊಡನೆ, ತಿಂಗಳ ಹೆಸರು ನೋಡದೆ, ಹಿಜರಿ ಎಂದುಕೊಂಡು ಅವನ ಹುಟ್ಟಿದ ವರ್ಷವನ್ನು ಹಿಂದಕ್ಕೆ ತಳ್ಳಿ ನಾನು ಆ ಮನುಷ್ಯನ ದುಡಿಮೆಯ ಒಂಬತ್ತು ವರ್ಷ ನುಂಗಿಹಾಕಿದ್ದೆ.

ಆದೇಶ ರದ್ದು ಮಾಡಲು ಗಿರಣಿಯ ವ್ಯವಸ್ಥಾಪಕರು ಒಪ್ಪಲಿಲ್ಲ. ಆ ಜಾಗಕ್ಕೆ ಬೇರೊಬ್ಬನಿಗೆ ಮಾತು ಕೊಟ್ಟಾಗಿತ್ತು. “ಅವನೇ ತಕರಾರು ಮಾಡವಲ್ಲ, ನಿಮಗ್ಯಾಕ್ರಿ ಉಸಾಬರಿ?” ಎಂದರು. ಬಾಗಿಲ ಬಳಿ ನಿಂತಿದ್ದ ನಾನು, ನಾಚಿಕೆಯಾದರೂ ಹೇಳುತ್ತೇನೆ, ಅವರೇ ಗೆಲ್ಲಲಿ ಎಂದು ಬಯಸಿದೆ. ಗೆದ್ದರೆ ನನ್ನ ತಪ್ಪು ಮುಚ್ಚಿಹೋಗುತ್ತಿತ್ತು.

ಸಾಹೇಬರು ದನಿ ಏರಿಸಲಿಲ್ಲ. “ಮೂಲ ಕಾಗದ ನೋಡದೇ ಸಹಿ ಮಾಡಿದಾಂವ ನಾ. ಮೆಮೊ ನನಗ ಕೊಡ್ರಿ. ಅವರನ್ನ ಮಾತ್ರ ಮನಿಗಿ ಕಳಿಸಬ್ಯಾಡ್ರಿ.”

ಮೆಮೊ ಬಂತು, ಆದೇಶ ರದ್ದಾಯಿತು. ಬೈಗುಳಕ್ಕೆ ಕಾದಿದ್ದ ನನಗೆ ಅವರು ಹೇಳಿದ್ದು ಇಷ್ಟೇ: “ತಪ್ಪಾದದ್ದು ನೀವೇ ಹೋಗಿ ಅವರಿಗಿ ಹೇಳ್ರಿ. ನಾ ಹೇಳಿದ್ರ ಅವರು ಇನ್ನ ಮ್ಯಾಲ ನಿಮ್ಮ ಟೇಬಲ್ಲಿಗಿ ಬರಂಗಿಲ್ಲ.”

ಯಂತ್ರಗಳ ಸದ್ದಿನಲ್ಲಿ ತಪ್ಪನ್ನು ಮೆಲ್ಲಗೆ ಒಪ್ಪಿಕೊಳ್ಳಲು ಬರುವುದಿಲ್ಲ. ಗಂಟಲು ಹರಿಯುವಂತೆ ಕೂಗಿದೆ. ಇಡೀ ಪಾಳಿಯೇ ತಿರುಗಿ ನೋಡಿತು. ಅವನು ಕೈಯ ಎಣ್ಣೆ ಒರೆಸಿಕೊಂಡು, “ಹಂಗಾದ್ರ ಮುಂದಿನ ತಿಂಗಳೂ ಪಾಳಿಗಿ ಬರ್ಲೇನ್ರಿ?” ಎಂದು ಕೇಳಿದ. ನನಗೆ ಅಳು ತಡೆಯಲಾಗಲಿಲ್ಲ.

ಆ ವಾರ ನಾನು ಬರೆದಿದ್ದ ಹಳೆಯ ದಾಖಲೆಗಳನ್ನೆಲ್ಲ ಮತ್ತೆ ತೆಗೆದೆ. ಅಂಥವೇ ಇನ್ನೆರಡು ಸಿಕ್ಕವು. ನಾನಾಗಿಯೇ ಒಯ್ದು ಸಾಹೇಬರ ಮುಂದಿಟ್ಟೆ. ಅವರು ಹೊಗಳಲಿಲ್ಲ; ಸೇವಾ ಪುಸ್ತಕಗಳ ಕಪಾಟಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಆ ಮೆಮೊ ಮಾತ್ರ ಕೊನೆಯವರೆಗೂ ಅವರ ಕಡತದಲ್ಲೇ ಇತ್ತು. ಅದರ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ.

ಅವರು ನಿವೃತ್ತರಾದ ಮೇಲೆ ಆ ಶಾಖೆ ನನ್ನ ಪಾಲಿಗೆ ಬಂತು. ತಪ್ಪು ತಿದ್ದಿ ಉಳಿಸಿದ ಆ ಒಂಬತ್ತು ವರ್ಷ ಮುಗಿದಾಗ ಹಿರೋಳ್ಳಿಯವನ ನಿಜವಾದ ನಿವೃತ್ತಿಯ ದಿನವೂ ಬಂತು. ನಾನೇ ಕುರ್ಚಿ ಎಳೆದು ಕೂಡಿಸಿದೆ. ಅವನು ಕಾಗದದತ್ತ ನೋಡದೆ ಸಹಿ ಹಾಕಲು ಹೊರಟಾಗ ನನ್ನ ಹಳೆಯ ಸಿಟ್ಟು ನೆತ್ತಿಗೇರಿತು.

“ಯಾರ ಕಡೆಯಿಂದಾದ್ರೂ ಓದಿಸ್ಕೊಂಡು ಹಾಕ್ರಿ. ಒಮ್ಮಿ ನನ್ನ ನಂಬಿ ಕೆಟ್ಟಿದ್ದು ಮರೆತ್ರೇನು?”

“ಮರೆತಿಲ್ರಿ ಬಾಯಾರ,” ಎಂದ ಅವನು, ಸಹಿ ಹಾಕುತ್ತಲೇ. “ತಪ್ಪಾದ್ರ ನೀವೇ ಬಂದು ಹೇಳ್ತೀರಲ್ರಿ.”