ವಕೀಲರ ಪಾಲಿನ ಬೀಗದಕೈ

ಊರಿನ ಯಾವ ಬೀಗವೂ ಬೀಗ ರಿಪೇರಿಯವನ ಮುಂದೆ ಎರಡು ನಿಮಿಷಕ್ಕಿಂತ ಹೆಚ್ಚು ಸೆಟೆದು ನಿಂತದ್ದಿಲ್ಲ. ಅಂಥ ವೀರನನ್ನೂ ಉಚಿತ ಕಾನೂನು ನೆರವು ಕಚೇರಿಯ ಮುಚ್ಚಿದ ಬಾಗಿಲು ಐದು ಸಲ ಬರಿಗೈಯಲ್ಲಿ ವಾಪಸು ಕಳಿಸಿತ್ತು. ಮೆಟ್ಟಿಲ ಕೆಳಗಿನ ಅವನ ಇಪ್ಪತ್ತೆರಡು ವರ್ಷದ ಅಂಗಡಿಯನ್ನು ಬಿಡಿಸಲು ಕಟ್ಟಡದ ಮಾಲೀಕ ದಾವೆ ಹೂಡಿದ್ದ. ವಿಚಾರಣೆ ನಾಳೆಯೇ ಇತ್ತು. ಸ್ವಂತಕ್ಕೆ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಅವನಿಗಿರಲಿಲ್ಲ.

ಅಂದು ಬೆಳಿಗ್ಗೆ ಆ ಕಚೇರಿಯ ಗುಮಾಸ್ತರೇ ಅಂಗಡಿಗೆ ಓಡಿಬಂದರು. “ನಮ್ಮ ಬೀಗ ತುಕ್ಕು ಹಿಡಿದು ಕೂತಿದೆ ಮಾರಾಯ, ಬೇಗ ಬಾ.”

ಕೋರ್ಟಿನಿಂದ ಬಂದಿದ್ದ ನೋಟಿಸನ್ನು ಜೇಬಿಗಿಳಿಸಿ, ಕೋಟೆ ಮುತ್ತುವ ದಂಡನಾಯಕನಂತೆ ಅವನು ಹೊರಟ. ಬೀಗದೊಳಗೆ ಅವನ ಕಡ್ಡಿ ಎರಡು ಸುತ್ತು ತಿರುಗಿತು, ಕೋಟೆ ಬಿತ್ತು. ಒಳಗೆ ಒಂದು ಮೇಜು, ಎರಡು ಕುರ್ಚಿ, ಬೆರಳು ದಪ್ಪ ಧೂಳು.

“ವಕೀಲರೆಲ್ಲಿ ಸಾರ್?”

“ಎರಡು ವರ್ಷದಿಂದ ನೇಮಕ ಆಗಿಲ್ಲಪ್ಪ. ಪಕ್ಕದ ಊರಿನ ವಕೀಲರು ತಿಂಗಳಿಗೊಮ್ಮೆ ಬರಬೇಕು. ಬಂದದ್ದನ್ನ ನಾನಂತೂ ನೋಡಿಲ್ಲ.”

“ಮತ್ತೆ ಬಾಗಿಲು ಯಾಕೆ ತೆಗೆಸಿದ್ರಿ?”

“ನಾಳೆ ತಪಾಸಣೆ ಇದೆ. ಬಾಗಿಲಾದ್ರೂ ತೆರೆದಿರಬೇಕಲ್ಲ.”

ಅವನು ಹಲ್ಲು ಕಚ್ಚಿಕೊಂಡು ಹೊಸ ಬೀಗ ಹಾಕಿ, ಮೂರು ಬೀಗದಕೈ ಕೊಟ್ಟ. ಗುಮಾಸ್ತರು ಒಂದನ್ನು ಹಿಂದಿರುಗಿಸಿದರು. “ಇದು ವಕೀಲರದ್ದು. ನನ್ನ ಹತ್ರ ಇದ್ರೆ ಕಳೆದುಹೋಗತ್ತೆ. ಅವರು ಸಿಕ್ಕಿದ್ರೆ ಕೊಟ್ಬಿಡು.”

ಮರುದಿನ ನ್ಯಾಯಾಧೀಶರು, “ನಿಮ್ಮ ವಕೀಲರೆಲ್ಲಿ?” ಎಂದು ಕೇಳಿದರು.

ಅವನು ಜೇಬಿಗೆ ಕೈಹಾಕಿ ಬೀಗದಕೈ ಎತ್ತಿ ತೋರಿಸಿದ. “ಇದು ಅವರದ್ದೇ ಸ್ವಾಮಿ. ಇನ್ನು ಅವರೊಬ್ಬರು ಸಿಕ್ಕಿದ್ರೆ ಆಯ್ತು.”

ನ್ಯಾಯಾಧೀಶರು ಪ್ರಕರಣವನ್ನು ಹದಿನೈದು ದಿನ ಮುಂದೂಡಿದರು. ಅಷ್ಟರೊಳಗೆ ಉಚಿತ ಕಾನೂನು ನೆರವು ಕಚೇರಿಗೆ ಹೋಗಿ ವಿಚಾರಿಸುವಂತೆ ಅವನಿಗೆ ಸೂಚಿಸಿದರು.