ಹೊಳಪುಕಲ್ಲಿನ ನಿಜವಾದ ಹೆಸರು

ಕುಂಬಾರರ ಓಣಿಯ ಕೊನೆಯ ಮನೆಯ ಸೊಸೆಗೆ ಓಣಿಯವರು ಇಟ್ಟ ಅಡ್ಡಹೆಸರು ಹಠದಕ್ಕ. ಹಿಡಿದದ್ದನ್ನು ಬಿಡುವ ಜಾಯಮಾನ ಅವಳದಲ್ಲ. ಬಣ್ಣ ಸರಿಯಾಗಿ ಕೂರದ ಮಡಕೆಯನ್ನು ಅರ್ಧ ಬೆಲೆಗೆ ಕೊಡಿ ಎಂದವರ ಎದುರೇ ಅದನ್ನು ನೆಲಕ್ಕೆ ಕುಕ್ಕಿ ಒಡೆದವಳು.

ಅವಳ ಗಂಡ ಮಡಕೆ ತಿರುಗಿಸುವ ತಿಗುರಿಯ ಮುಂದೆ ಕೂತರೆ ಎದ್ದೇಳುತ್ತಿದ್ದುದೇ ಊಟದ ಹೊತ್ತಿಗೆ. ಮಡಕೆಗೆ ಬಳಿಯುವ ಹೊಳಪುಕಲ್ಲನ್ನು ಅರೆಯುವುದೂ ಅವನ ಕೆಲಸವೇ. ಕಲ್ಲು ಕಪ್ಪಗೆ, ಒಡೆದ ಕಡೆ ಬೆಳ್ಳಿಯಂತೆ ಮಿನುಗುತ್ತಿತ್ತು. ಅದರ ಪುಡಿಯನ್ನು ನೀರಿಗೆ ಕಲಸಿ ಬಳಿದು ಆವಿಗೆಯಲ್ಲಿ ಸುಟ್ಟರೆ ಮಡಕೆ ಕನ್ನಡಿಯಂತೆ ಹೊಳೆಯುತ್ತಿತ್ತು.

ಆ ವರ್ಷ ಅವನಿಗೆ ಹೊಟ್ಟೆನೋವು ಅಂಟಿಕೊಂಡಿತು. ಮದ್ದು ನುಂಗಿದ, ಉಪವಾಸ ಮಾಡಿದ, ನೋವು ಬಗ್ಗಲಿಲ್ಲ. ಒಂದು ದಿನ ತಿಗುರಿಯ ಮೇಲೆ ಮಣ್ಣಿಟ್ಟವನು ಕೈ ಎತ್ತಲು ಹೋದರೆ ಬಲ ಮಣಿಕಟ್ಟು ಜೋತುಬಿತ್ತು. ಮತ್ತೆ ಎತ್ತಲು ನೋಡಿದ. ಬೆರಳು ಆಡಿದವು, ಮಣಿಕಟ್ಟು ಮೇಲೇಳಲಿಲ್ಲ.

ಆಸ್ಪತ್ರೆಯ ವೈದ್ಯೆ ರಕ್ತ ಪರೀಕ್ಷೆ ಮಾಡಿಸಿ, "ಮೈಯಲ್ಲಿ ಸೀಸ ತುಂಬಿದೆ. ಸೀಸ ಎಲ್ಲಿ ಮುಟ್ಟುತ್ತೀರಿ?" ಎಂದು ಕೇಳಿದರು.

"ಸೀಸವಾ? ನಮ್ಮ ಮನೇಲಿ ಅಂಥದ್ದು ಏನೂ ಇಲ್ಲ ಡಾಕ್ಟ್ರೇ" ಎಂದಳು ಹಠದಕ್ಕ. ಅವಳು ಸುಳ್ಳು ಹೇಳಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಹೊಳಪುಕಲ್ಲು ಮಾತ್ರ.

ಆದರೆ ಹೊರಗೆ ಬಂದ ಮೇಲೆ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಗಂಡನನ್ನು ಮನೆಗೆ ಕಳಿಸಿ, ತಾನು ನೇರ ಕಲ್ಲು ಮಾರುವ ವ್ಯಾಪಾರಿಯ ಅಂಗಡಿಗೆ ನಡೆದಳು.

"ಅಣ್ಣಾ, ಹೊಳಪುಕಲ್ಲಿಗೆ ನಿಜವಾದ ಹೆಸರೇನು?"

"ಅದೇ ಹೆಸರಮ್ಮ."

"ಅದು ನಾವಿಟ್ಟಿದ್ದು. ಗಣಿಯವರು ಏನಂತಾರೆ?"

ವ್ಯಾಪಾರಿ ತಲೆ ಕೆರೆದುಕೊಂಡ. "ಗೆಲೀನಾ ಅಂತಾರೆ."

"ಹಾಗಂದ್ರೆ?"

"ಬಿಡಮ್ಮ, ಅದನ್ನ ತಗೊಂಡು ಏನು ಮಾಡ್ತೀಯ?"

ಅವಳು ಅಂಗಡಿಯ ಮೆಟ್ಟಿಲ ಮೇಲೇ ಕೂತಳು. ಗಿರಾಕಿಗಳು ಅವಳನ್ನು ದಾಟಿಕೊಂಡು ಒಳಗೆ ಹೋಗಬೇಕಾಯಿತು. ಕೊನೆಗೆ ವ್ಯಾಪಾರಿಯೇ ಸೋತ. "ಯಾವುದೋ ಹಳೇ ಭಾಷೆಯ ಮಾತಂತೆ. ಸೀಸದ ಅದಿರು ಅಂತ ಅರ್ಥ. ಸಾಕಾ? ಈಗ ಏಳು ತಾಯಿ!"

ಮನೆಗೆ ಬಂದು ಹೇಳಿದಾಗ ಮಾವ ಸಿಡಿದರು. "ನಮ್ಮಪ್ಪ ಇದನ್ನೇ ಬಳಿದ, ನಾನು ಇದನ್ನೇ ಬಳಿದೆ. ಹೆಸರು ಕೇಳಿ ಹೆದರಿಕೊಂಡು ಕಸುಬು ಬಿಡೋಕಾಗುತ್ತಾ?"

"ಕಸುಬು ಬಿಡ್ತೀನಿ ಅಂದೆನಾ? ಕಲ್ಲು ಬಿಡ್ತೀನಿ ಅಂದೆ. ಈ ಮಡಕೇಲಿ ಜನ ಹುಳಿ ಕಾಯಿಸ್ತಾರೆ ಮಾವ, ಉಣ್ತಾರೆ."

ಮಾವ ಮಗನ ಜೋತುಬಿದ್ದ ಕೈಯನ್ನೇ ನೋಡುತ್ತಾ ಕೂತರು. ಆಮೇಲೆ ಮೆಲ್ಲಗೆ ಅಂದರು: "ಕೊನೇ ದಿನಗಳಲ್ಲಿ ಅಪ್ಪನಿಗೂ ಲೋಟ ಎತ್ತೋಕಾಗ್ತಿರಲಿಲ್ಲ. ವಯಸ್ಸಾಯ್ತು ಅಂದ್ಕೊಂಡ್ವಿ."

ಮನೆಯಲ್ಲಿದ್ದ ಹೊಳಪುಕಲ್ಲನ್ನೆಲ್ಲ ಚೀಲಕ್ಕೆ ತುಂಬಿ ಅಂಗಡಿಗೆ ವಾಪಸು ಕಳಿಸಿದರು. ಅರೆಯುವ ಕೋಣೆಯನ್ನು ಒದ್ದೆ ಬಟ್ಟೆಯಲ್ಲಿ ಮೂಲೆ ಮೂಲೆ ಒರೆಸಿದರು. ಆಮೇಲೆ ಹಠದಕ್ಕ ಹೊಸ ಹೊಳಪಿನ ಬೆನ್ನು ಹತ್ತಿದಳು. ಗಾಜಿನ ಪುಡಿ, ಬಿಳಿಗಾರ, ಜರಡಿ ಹಿಡಿದ ಜೇಡಿ. ಮೊದಲ ಸಲ ಹೊಳಪು ಗುಳ್ಳೆ ಎದ್ದಿತು. ಇನ್ನೊಂದು ಸಲ ಸಿಪ್ಪೆಯಂತೆ ಸುಲಿದು ಬಂತು. ಮತ್ತೊಂದು ಸಲ ಮಡಕೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಆವಿಗೆಯಿಂದ ಒಂದೇ ಗಂಟಾಗಿ ಬಂದವು. ಓಣಿಯವರು ನಕ್ಕರು. ಅವಳೂ ನಕ್ಕು, ಮತ್ತೆ ಜೇಡಿ ಜರಡಿ ಹಿಡಿದಳು. ಬೆಂಕಿ ನೋಡಿಕೊಳ್ಳಲು ಮಾವ ತಾವಾಗಿಯೇ ಬಂದು ಕೂತರು. "ಉರಿ ಜಾಸ್ತಿ ಆಯ್ತು, ನಿಧಾನಕ್ಕೆ ಏರಿಸಬೇಕು" ಎಂದು ಆ ದಿನ ಕಟ್ಟಿಗೆಯನ್ನು ಅವರೇ ಹಾಕಿದರು.

ಆ ಸಲ ಹೊಳಪು ಕೂತಿತು. ಮೊದಲಿನಷ್ಟು ಮಿಂಚಲಿಲ್ಲ, ಆದರೆ ಗಟ್ಟಿಯಾಗಿತ್ತು.

ಗಂಡನ ಕೈ ನಿಧಾನವಾಗಿ ಚೇತರಿಸಿಕೊಂಡಿತು. ದೊಡ್ಡ ಹಂಡೆ ಎತ್ತುವಷ್ಟಲ್ಲ, ಬಟ್ಟಲು ತಿರುಗಿಸುವಷ್ಟು. ಪಕ್ಕದ ಮನೆಯ ಕುಂಬಾರ ಒಂದು ದಿನ ಬಂದು, "ಹೊಳಪುಕಲ್ಲು ಮುಗಿದಿದೆ, ಒಂದು ಬೊಗಸೆ ಇದ್ರೆ ಕೊಡಿ" ಎಂದು ಕೇಳಿದ. ಹಠದಕ್ಕ ಬಾಯಿ ತೆರೆಯುವ ಮೊದಲೇ ಮಾವ ಅಂದರು: "ಹೊಳಪುಕಲ್ಲು ಅನ್ನಬೇಡ, ಸೀಸದ ಕಲ್ಲು ಅನ್ನು. ಆಮೇಲೆ ಕೂತ್ಕೋ, ಗಾಜಿನ ಪುಡಿ ಹೇಗೆ ಕಲಸೋದು ಅಂತ ನನ್ನ ಸೊಸೆ ಹೇಳಿಕೊಡ್ತಾಳೆ."