ಮುಚ್ಚಿದ ಗೋದಾಮಿನ ಗೋಣಿ ಹೊಲಿಯುವವರು

ತರೀಕೆರೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಭತ್ತದ ಮಂಡಿಯ ಜಗಲಿಯಲ್ಲಿ ಈಶ್ವರಮ್ಮ ಹರಿದ ಗೋಣಿಚೀಲವನ್ನು ತೊಡೆಯ ಮೇಲೆ ಹರವಿಕೊಂಡು ದಬ್ಬಳದಿಂದ ಹೊಲಿಯುತ್ತಿದ್ದಾರೆ. ಅಮೃತಾಪುರದ ಮೊದಲ ಬಸ್ಸಿನ ಸದ್ದಾದರೆ ಸೆರಗನ್ನು ತಲೆಗೆಳೆದುಕೊಂಡು ರಸ್ತೆಗೆ ಬೆನ್ನು ಹಾಕುತ್ತಾರೆ. ಆ ಬಸ್ಸಿನಲ್ಲಿ ನಾದಿನಿ ಮಾರಮ್ಮ ಕೂಲಿ ಹುಡುಕಿಕೊಂಡು ಬರುತ್ತಾರೆ.

ಕಳೆದ ದೀಪಾವಳಿಯವರೆಗೂ ಇಬ್ಬರೂ ಒಂದೇ ಗೋದಾಮಿನಲ್ಲಿದ್ದರು. ಕಡೂರು, ಅಜ್ಜಂಪುರಗಳಲ್ಲಿ ಕಿರಾಣಿ ಅಂಗಡಿಗಳಿರುವ ಸಾಹುಕಾರರೊಬ್ಬರದು ಅದು. ಇಲಿ ಕಡಿದ, ಹಮಾಲರ ಕೊಕ್ಕೆಗೆ ಹರಿದ ಚೀಲಗಳನ್ನು ಈಶ್ವರಮ್ಮ ಎಪ್ಪತ್ತೊಂದನೇ ಇಸವಿಯಿಂದ ಹೊಲಿದಿದ್ದಾರೆ, ದಿನಕ್ಕೆ ಅರವತ್ತರಂತೆ. ಈಗ ಸಾಮಾನು ಬೆಂಗಳೂರಿನಿಂದ ನೇರ ಅಂಗಡಿಗಳಿಗೇ ಇಳಿಯುತ್ತದೆ. ಹಮಾಲರು, ಕಾಳು ಕೇರುವ ಹೆಂಗಸರು ಸೇರಿ ಮೂವತ್ತು ಮಂದಿಗೆ ಕೆಲಸ ಹೋಯಿತು. ಈಶ್ವರಮ್ಮನಿಗೆ ಈಗ ಈ ಮಂಡಿಯ ಬಿಡಿ ಹೊಲಿಗೆಯಷ್ಟೇ.

ಸುಗ್ಗಿಗೆ ಮುಂಚೆ ಚೀಲಗಳನ್ನೆಲ್ಲ ಹೊಲಿಸಿಡುವುದು ಈ ವ್ಯಾಪಾರದ ರೂಢಿ. ಹಾಗಾಗಿ ಗೋದಾಮಿನ ಲೆಕ್ಕ ಬರೆಯುವ ರೈಟರ್ ಗಂಗಾಧರಯ್ಯ ಅಟ್ಟದ ಮೇಲಿನ ಹಳೆಯ ಚೀಲಗಳನ್ನೂ ಇಳಿಸಿ ಹೊಲಿಯಲು ಹೇಳಿದಾಗ, ವ್ಯಾಪಾರ ಬೆಳೆಯುತ್ತಿದೆಯೆಂದೇ ಈಶ್ವರಮ್ಮ ಎಣಿಸಿದರು. ಹಾಸ್ಟೆಲಿನಲ್ಲಿ ಅಡುಗೆಗಿದ್ದ ಮಾರಮ್ಮನನ್ನು ಬಿಡಿಸಿ ಕರೆತಂದರು. ಆದರೆ ಹೊಲಿಸಿದ್ದು ಮಾರಲಿಕ್ಕೆ; ದೀಪಾವಳಿಗೆ ಚೀಲಗಳನ್ನೆಲ್ಲ ಮಾರಿ ಸಾಹುಕಾರರು ಗೋದಾಮಿನ ಬಾಗಿಲು ಹಾಕಿದರು. ಹಾಸ್ಟೆಲಿಗೆ ಅಷ್ಟರಲ್ಲಿ ಬೇರೆಯವರು ಸೇರಿದ್ದರು.

“ಅವ್ಳು ಬ್ಯಾಡ ಅಂದ್ಲು ಕಣ್ರೀ. ‘ಒಲೆ ಹೊಗೆ ಕುಡ್ದಿದ್ದು ಸಾಕು, ಬಾರೇ’ ಅಂತ ನಾನೇ ಎಳ್ಕಂಬಂದೆ,” ಎನ್ನುತ್ತಾರೆ ಈಶ್ವರಮ್ಮ. “ಬೈದ್ರೆ ತಡ್ಕಬೋದು. ಬೈಯಲ್ಲ ಅವ್ಳು. ಯಾವ್ ಮುಖ ಇಟ್ಕಂಡು ಮಾತಾಡ್ಸಲಿ?”

ಇಂದು ಬಸ್ಸಿಳಿದ ಮಾರಮ್ಮ ನೇರ ಜಗಲಿಯ ಹತ್ತಿರ ಬಂದು ನಿಲ್ಲುತ್ತಾರೆ.

“ಏನತ್ತಿಗೆ, ನನ್ ಕಂಡ್ರೆ ಹೊಸ ಮದುವಣಗಿತ್ತಿ ಆಗ್ಬಿಡ್ತೀಯಲ್ಲ!”

ಈಶ್ವರಮ್ಮ ಚೀಲದಿಂದ ಕಣ್ಣೆತ್ತುವುದಿಲ್ಲ. “ರೈಸ್ ಮಿಲ್ಲಿನ ತೀರ್ಥಪ್ನೋರು ಚೀಲ ಹೊಲಿಯಾಕೆ ಒಬ್ರು ಬೇಕು ಅಂದ್ರು. ನಿನ್ ಹೆಸ್ರು ಹೇಳೀನಿ. ಹೋಗು.”

“ನಿನ್ನೇ ಕರೆದ್ರಂತೆ?”

“ನಂಗೆ ಇಲ್ಲೇ ಸಾಕು ಅಂದೆ.”

“ನಿನ್ ಮಾತು ಕೇಳಿ ಒಂದ್ಸಲ ಕೆಟ್ಟಿದ್ದಾತು.” ಅಷ್ಟು ಹೇಳಿಯೂ ಮಾರಮ್ಮ ಊಟದ ಗಂಟನ್ನು ಕಂಕುಳಿಗೆ ಸರಿಸಿಕೊಂಡು ಮಿಲ್ಲಿನ ದಾರಿ ಹಿಡಿಯುತ್ತಾರೆ. ತಿರುಗಿ ನೋಡುವುದಿಲ್ಲ.

ಈಶ್ವರಮ್ಮ ಈಗ ತಲೆ ಎತ್ತುತ್ತಾರೆ. “ಹೊಲಿಗೆ ಅವ್ಳಿಗಿಂತ ನಂದೇ ಬಿಗಿ. ಮಿಲ್ಲಿನಾಗೆ ನೆರಳಲ್ಲಿ ಕೂರೋ ಆಸೆ ನಂಗೂ ಇತ್ತು,” ಎನ್ನುತ್ತಾರೆ. “ಅದು ಅವ್ಳಿಗೂ ಗೊತ್ತು. ಗೊತ್ತಿದ್ದೂ, ನಾ ಬಿಟ್ಕೊಟ್ಟಿದ್ನ ಬ್ಯಾಡ ಅನ್ನದೆ ಹೋದ್ಲಲ್ಲ, ಅಷ್ಟು ಸಾಕು.”